ಗಂಟೆ ಹೊಡೆಯದ ದಿನಕ್ಕೆ

ಬಾಲಮಂದಿರಕ್ಕೆ ಬಂದ ಹುಡುಗರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಯಾವಾಗ ಬಿಡ್ತಾರ್ರೀ ಸರ?" ತಮ್ಮಾ, ನೀನೂ ಅದನ್ನೇ ಕೇಳಿದೆ. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಪರಿವೀಕ್ಷಣಾಧಿಕಾರಿಯ ಕೆಲಸ ಮುಗಿಸಿ ಮನೆಯಲ್ಲಿ ಕೂತಿದ್ದವನು ನಾನು. ಈಗ ನಿಮಗೆ ಗಣಿತ ಹೇಳಿಕೊಡುವ ನೆಪದಲ್ಲಿ ಬಂದು ಹೋಗುತ್ತೇನೆ, ಅಷ್ಟೇ. ಸೂಪರಿಂಟೆಂಡೆಂಟರ ಹತ್ತಿರವೂ ಉತ್ತರ ಇಲ್ಲ. ನೀವು 'ಕಮಿಟಿ' ಅನ್ನುತ್ತೀರಲ್ಲ, ಆ ಮಕ್ಕಳ ಕಲ್ಯಾಣ ಸಮಿತಿ ನಿನ್ನ ಮನೆಯ ಪರಿಸ್ಥಿತಿಯ ವರದಿ ತರಿಸಿಕೊಂಡು, ನಿನ್ನನ್ನೂ ಕೇಳಿ, ಆಮೇಲೆ ತೀರ್ಮಾನಿಸುವ ವಿಷಯ ಅದು.

ಆದರೆ ಅದರ ಬೆನ್ನಿಗೇ ನೀನು ಇನ್ನೊಂದು ಮಾತು ಅಂದೆ. "ಸುಮ್ನ ಇದ್ದು ದಿನಾ ದೂಡ್ತೀನ್ರಿ. ಒಳ್ಳೆ ಹುಡುಗ ಅನಿಸ್ಕೊಂಡ್ರ ಲಗೂ ಬಿಡ್ತಾರಂತ." ಯಾರೋ ಹಳಬರು ಹೇಳಿಕೊಟ್ಟಿರಬೇಕು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ, ಅದಕ್ಕೇ ಈ ಬರಹ.

ಓದುವ ಉಳಿದವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಈ ಹುಡುಗನ ಹೆಸರು, ಊರು, ಓಣಿ ಯಾವುದನ್ನೂ ನಾನು ಬರೆಯುವುದಿಲ್ಲ. ಒಬ್ಬನ ಕಥೆಯಲ್ಲಿ ಹಲವರ ಗುರುತು ಕಲಸಿದ್ದೇನೆ. 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಎನ್ನುತ್ತದೆ. ಕಾಯಿದೆ ಹೇಳದಿದ್ದರೂ ಅದು ಸರಿಯಾದ ನಡವಳಿಕೆಯೇ.

ಈಗ ನಿನ್ನ 'ಒಳ್ಳೆ ಹುಡುಗ'ನ ವಿಚಾರ. 'ನಡತೆ ಉತ್ತಮ' ಎಂಬುದು ವರದಿಯಲ್ಲಿ ಬರೆಯಲು ಬಹಳ ಸುಲಭದ ಮಾತು. ಜಗಳ ಇಲ್ಲ, ಕಿಟಕಿಯ ಗಾಜು ಒಡೆದಿಲ್ಲ, ಗೋಡೆ ಹಾರಿಲ್ಲ, ಹೇಳಿದಲ್ಲಿ ಕೂರುತ್ತಾನೆ, ಕೊಟ್ಟಿದ್ದು ತಿನ್ನುತ್ತಾನೆ. ಅಂದರೆ ಯಾರಿಗೂ ತೊಂದರೆ ಕೊಟ್ಟಿಲ್ಲ. ಅಂಥ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಕೆಲವರು ನಿಜಕ್ಕೂ ನೆಮ್ಮದಿಯಾಗಿರುತ್ತಾರೆ. ಇನ್ನು ಕೆಲವರು ಒಳಗೊಳಗೇ ಕುದಿಯುತ್ತ, ಮೇಲೆ ತಣ್ಣಗೆ ಕೂತಿರುತ್ತಾರೆ. ಮೂರನೆಯ ಒಂದು ಗುಂಪು ಇದೆ, ನನಗೆ ಹೆಚ್ಚು ಚಿಂತೆ ಅವರದ್ದು: ತಮ್ಮ ದಿನವನ್ನು ಪೂರ್ತಿ ಗಂಟೆಗೆ ಒಪ್ಪಿಸಿಬಿಟ್ಟವರು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಪ್ರಾರ್ಥನೆ, ಉಪ್ಪಿಟ್ಟು, ತರಗತಿ, ಆಟ, ಊಟ, ಹಾಸಿಗೆ. ಇಂಥವನಿಗೆ ವರ್ಷಗಟ್ಟಲೆ ತಾನಾಗಿ ಒಂದು ತೀರ್ಮಾನ ಮಾಡುವ ಪ್ರಸಂಗವೇ ಬರುವುದಿಲ್ಲ. ಹದಿನೆಂಟು ತುಂಬಿದ ದಿನ ಗೇಟಿನ ಹೊರಗೆ ನಿಂತರೆ, ಮಧ್ಯಾಹ್ನದ ಊಟ ಎಲ್ಲಿ, ರಾತ್ರಿ ಎಲ್ಲಿ, ಯಾರಿಗೆ ಹೂಂ ಅನ್ನಬೇಕು, ಯಾರಿಗೆ ಬ್ಯಾಡ ಅನ್ನಬೇಕು ಎಂದು ಕೇಳಲು ಯಾರೂ ಇರುವುದಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ಮೊದಲು ಸಿಕ್ಕವನು ಕರೆದಲ್ಲಿಗೆ ಹೋಗುತ್ತಾನೆ. ಒಳಗೆ ಅವನು ಕಲಿತದ್ದೂ ಅದನ್ನೇ ಅಲ್ಲವೇ, ಕರೆದಲ್ಲಿಗೆ ಹೋಗುವುದನ್ನು?

ನಿನಗೀಗ ಹದಿನಾರು ಮುಗಿದಿದೆ. ಹಾಗಾಗಿ ಇಲ್ಲಿ ನೀನು ಮಾಡಬೇಕಾದ ಮುಖ್ಯ ಕೆಲಸ ಒಂದೇ ಅಂತ ನನ್ನ ಎಣಿಕೆ: ಸಣ್ಣ ಸಣ್ಣ ವಿಷಯಗಳಲ್ಲಿ ತೀರ್ಮಾನ ಮಾಡಿ ಕೈ ಪಳಗಿಸಿಕೊಳ್ಳುವುದು. ಸಿಟ್ಟು, ಓದು, ಅಪ್ಪ, ಕೇಸು ಎಲ್ಲವೂ ಕೊನೆಗೆ ಇದಕ್ಕೇ ಬಂದು ನಿಲ್ಲುತ್ತವೆ.

"ಇಲ್ಲಿ ನಮ್ಮ ಮಾತು ಯಾರ ಕೇಳ್ತಾರ್ರೀ?" ಅನ್ನುತ್ತೀ. ಎಲ್ಲ ಕಡೆ ಕೇಳುವುದಿಲ್ಲ, ನಿಜ. ಆದರೆ ಕೇಳಲೇಬೇಕಾದ ಕೆಲವು ಜಾಗಗಳನ್ನು ನಿಯಮವೇ ಮಾಡಿಟ್ಟಿದೆ, ಅವು ನಿನಗೆ ಗೊತ್ತಿರಬೇಕು. 2016ರ ಮಾದರಿ ನಿಯಮಗಳ ಪ್ರಕಾರ ಪ್ರತಿ ಬಾಲಮಂದಿರದಲ್ಲೂ ಮಕ್ಕಳದ್ದೇ ಸಮಿತಿಗಳು ಇರಬೇಕು. 6ರಿಂದ 10, 11ರಿಂದ 15, 16ರಿಂದ 18 ವರ್ಷದವರಿಗೆ ಬೇರೆ ಬೇರೆ. ಅದರಲ್ಲಿ ದೊಡ್ಡವರು ಯಾರೂ ಸದಸ್ಯರಲ್ಲ. ನಿಮ್ಮಲ್ಲಿ ಆ ಸಮಿತಿಯ ಸಭೆ ಆಗುತ್ತದೋ, ಬರೀ ವಹಿಯಲ್ಲಿ ಸಹಿ ಆಗುತ್ತದೋ ಅಂತ ಕೇಳು. ಬರೀ ಸಹಿ ಆಗುತ್ತಿದ್ದರೆ ನೀನೇ ಒಂದು ವಿಷಯ ಎತ್ತು. ಕಳೆದ ವಾರ ಅನ್ನ ಹಳಸಿತ್ತು ಅಂತ ನೀನು ತಟ್ಟೆ ಎಸೆದೆಯಂತೆ. ಅನ್ನ ಹಳಸಿದ್ದು ನಿಜವೇ ಇರಬಹುದು. ಆದರೆ ತಟ್ಟೆ ಎಸೆದ ಮೇಲೆ ಎಲ್ಲರೂ ಮಾತಾಡಿದ್ದು ತಟ್ಟೆಯ ಬಗ್ಗೆ, ಅನ್ನದ ಸುದ್ದಿ ಯಾರೂ ಎತ್ತಲಿಲ್ಲ. ಅದನ್ನೇ ಸಭೆಯಲ್ಲಿ ಹೇಳಿ, ವಹಿಯಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ "ಏನಾತ್ರೀ?" ಅಂತ ಕೇಳಿ ನೋಡು. ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಅದು ಬೇಸರದ ದಾರಿ, ಗೊತ್ತು. ಆದರೆ ಹೊರಗೆ ಕೂಲಿ ಬಾಕಿ ಇಟ್ಟುಕೊಂಡ ಮಾಲೀಕನಿಂದ ನಿನ್ನ ದುಡ್ಡು ವಸೂಲು ಮಾಡಲು ಇರುವುದೂ ಅದೇ ದಾರಿ.

ಇನ್ನೊಂದು ಕಾಗದ ಇದೆ: ವೈಯಕ್ತಿಕ ಆರೈಕೆ ಯೋಜನೆ. ನಿನ್ನ ಹೆಸರಲ್ಲಿ ಒಂದು ಇದೆ. ಓದು, ಆರೋಗ್ಯ, ಮನೆ, ಕೆಲಸ ಅಂತ ಮುಂದೆ ಏನೇನು ಮಾಡಬೇಕೆಂದು ಅದರಲ್ಲಿ ಬರೆದಿರುತ್ತಾರೆ. ಅದನ್ನು ನಿನ್ನನ್ನು ಕೇಳಿಯೇ ಬರೆಯಬೇಕು, ಆಗಾಗ ತಿದ್ದಬೇಕು. ಬಹಳ ಹುಡುಗರಿಗೆ ಅಂಥದ್ದೊಂದು ಇರುವುದೇ ಗೊತ್ತಿಲ್ಲ. ಕೇಳಿ ತರಿಸಿ ಓದು. 'ಟೈಲರಿಂಗ್‌ನಲ್ಲಿ ಆಸಕ್ತಿ ಇದೆ' ಅಂತ ನಿನ್ನ ಬಗ್ಗೆ ಯಾರೋ ಬರೆದಿದ್ದರೆ, ನಿನಗೆ ಸೂಜಿ ಕಂಡರೆ ಆಗದಿದ್ದರೆ, ಅದನ್ನು ಹೊಡೆದು ಹಾಕಿಸು.

ಅಡುಗೆಮನೆಗೂ ಹೋಗು. ಶಿಕ್ಷೆ ಅಂತಲ್ಲ. ಅಡುಗೆಯ ಅಕ್ಕನಿಗೆ ಕೇಳಿ ಒಂದು ಸೇರು ಅಕ್ಕಿಗೆ ನೀರೆಷ್ಟು, ಬ್ಯಾಳಿ ಎಷ್ಟು ಹೊತ್ತು ಬೇಯಬೇಕು, ಒಗ್ಗರಣೆ ಯಾವಾಗ ಸೀಯುತ್ತದೆ ಅಂತ ಕಲಿತುಕೋ. ಅನ್ನ ಸಾರು ಮಾಡಲು ಬಂದರೆ ತಿಂಗಳ ಖರ್ಚಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮೊದಲ ಸಂಬಳದ ಇಪ್ಪತ್ತನೇ ತಾರೀಖು ಗೊತ್ತಾಗುತ್ತದೆ.

ಇನ್ನು ಸಿಟ್ಟು.

ನಿನ್ನ ಕಡತದಲ್ಲಿ 'ಮುಂಗೋಪಿ' ಅಂತ ಬರೆದಿದ್ದಾರೆ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ. ಹುಟ್ಟುಗುಣ ಅಂತ ತೀರ್ಪು ಕೊಟ್ಟ ಹಾಗೆ ಕೇಳಿಸುತ್ತದೆ. ಹದಿಹರೆಯದಲ್ಲಿ ಭಯ, ಸಿಟ್ಟು, ಆಸೆಗಳನ್ನು ಏಳಿಸುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ. 'ತಡಿ, ಯೋಚನೆ ಮಾಡು' ಅನ್ನುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಇದು ನಿನಗೊಬ್ಬನಿಗೇ ಅಲ್ಲ, ಕಾನ್ವೆಂಟಿಗೆ ಹೋಗುವ ಡಾಕ್ಟರ ಮಗನಿಗೂ ಇರುವ ಪಾಡು. ನಿನಗೆ ಇನ್ನೊಂದು ಹೊರೆ ಹೆಚ್ಚು. ಕುಡಿದು ಬರುವ ಅಪ್ಪನ ಚಪ್ಪಲಿ ಸಪ್ಪಳಕ್ಕೇ ಎಚ್ಚರಾಗುವ ಮನೆಯಲ್ಲಿ ಬೆಳೆದ ಹುಡುಗನ ಮೈ, ಇಲ್ಲಿ ಅಪಾಯ ಇಲ್ಲದಾಗಲೂ ಕಾವಲು ಕೂತೇ ಇರುತ್ತದೆ. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಇಟ್ಟರೆ ನೀನು ತಿರುಗಿ ಹೊಡೆದೆಯಲ್ಲ, ಆ ಕೈ ಎತ್ತಿದ್ದು ಆ ಕಾವಲು. ಅದು ಆ ಮನೆಯಲ್ಲಿ ನಿನ್ನನ್ನು ಕಾಪಾಡಿತ್ತು. ಇಲ್ಲಿ ಅದರಿಂದಾಗಿ ಪಾಪದ ಹುಡುಗನೊಬ್ಬನ ತುಟಿ ಒಡೆಯಿತು.

ಹಾಗಂತ 'ನನ್ನ ಮೆದುಳು ಹಂಗ ಐತಿ, ನಾ ಏನ್ ಮಾಡ್ಲಿ' ಅನ್ನಬೇಡ. ಅದು ಕಳ್ಳ ಲಾಯರಿಕೆ. ನಿನ್ನ ಸಿಟ್ಟಿಗೆ ಹೊತ್ತು ಗೊತ್ತು ಇದೆ, ಅದನ್ನು ಹಿಡಿ. ನಾನು ಗಮನಿಸಿದ್ದು ಹೇಳುತ್ತೇನೆ: ಬಾಲಮಂದಿರದಲ್ಲಿ ದೊಡ್ಡ ಜಗಳಗಳು ಬಹುತೇಕ ಮನೆಯವರ ಭೇಟಿಯ ದಿನ ಸಂಜೆ ಆಗುತ್ತವೆ. ಚೆಂಡು ಯಾರದು, ಸೋಪು ಯಾರು ಕದ್ದರು ಅಂತ ಶುರುವಾಗುತ್ತದೆ. ಆದರೆ ಬೆಳಗಿನಿಂದ ಗೇಟು ನೋಡಿ ನೋಡಿ ಯಾರೂ ಬಾರದೇ ಹೋದ ಹುಡುಗನಿಗೂ, ಅವ್ವ ತಂದ ಚಕ್ಕುಲಿ ಹಿಡಿದುಕೊಂಡು ಬಂದ ಹುಡುಗನಿಗೂ ನಡುವೆ ಆಗುವ ಜಗಳ ಅದು. ನಿನ್ನದೂ ಹಾಗೇ ಆಯಿತು. ಒಂದು ಹಾಳೆಯಲ್ಲಿ ಬರೆದಿಡು: ಯಾವ ದಿನ, ಯಾವ ಹೊತ್ತು, ಹೊಟ್ಟೆ ಹಸಿದಿತ್ತೇ, ನಿದ್ದೆ ಆಗಿತ್ತೇ, ಅದಕ್ಕೂ ಮೊದಲು ಏನಾಗಿತ್ತು. ನಾಲ್ಕಾರು ಸಲ ಬರೆದರೆ ನಿನಗೇ ಗೊತ್ತಾಗುತ್ತದೆ. ಆಮೇಲೆ ಭೇಟಿಯ ದಿನದ ಸಂಜೆಯನ್ನು ನೀನೇ ಬೇರೆ ಥರ ಏರ್ಪಾಡು ಮಾಡಿಕೊಳ್ಳಬಹುದು. ಗಿಡಕ್ಕೆ ನೀರು ಹಾಕುವ ಪಾಳಿ ಕೇಳಿ ಪಡಿ, ಇಲ್ಲಾ ಗೃಹಪಿತರಿಗೆ ನೇರವಾಗಿ "ಇವತ್ತ ನನಗ ತಲಿ ಸರಿ ಇಲ್ರಿ, ನಾ ಒಬ್ಬನ ಇರ್ತೀನಿ" ಅಂತ ಹೇಳು. ಹೀಗೆ ಹೇಳಲು ಹೊಡೆಯುವುದಕ್ಕಿಂತ ಹೆಚ್ಚು ಗುಂಡಿಗೆ ಬೇಕು. ಸುಳ್ಳೆನಿಸಿದರೆ ಒಂದು ಸಲ ಹೇಳಿ ನೋಡು.

ಆಪ್ತಸಮಾಲೋಚಕರು ಕರೆದರೆ "ನಾ ಹುಚ್ಚ ಅಲ್ಲ" ಅಂತ ಹೋಗದೇ ಇರುತ್ತೀ. ಕಾಲು ಉಳುಕಿದರೆ ತೋರಿಸುತ್ತೀಯಲ್ಲ? ರಾತ್ರಿ ಬೆಚ್ಚಿ ಏಳುವುದು, ಸತ್ತ ಅವ್ವ ಕನಸಿನಲ್ಲಿ ಕರೆಯುವುದು, ಒಮ್ಮೊಮ್ಮೆ ತೋಳಿನ ಮೇಲೆ ಬ್ಲೇಡ್ ಎಳೆದುಕೊಳ್ಳಬೇಕೆನಿಸುವುದು, ಇವನ್ನು ಹೇಳಿಕೊಳ್ಳಲು ಇರುವ ಜಾಗ ಅದು. ಹೊರಗೆ ಹೋದ ಮೇಲೆ ಅಂಥ ಹೊತ್ತು ಬಂದರೆ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈಗಲೇ ಬಾಯಿಪಾಠ ಮಾಡಿಕೋ. ಸಲ್ಯೂಷನ್ ಸೇದುತ್ತಿದ್ದದ್ದನ್ನೂ ಮುಚ್ಚಿಡಬೇಡ. ಪಂಕ್ಚರ್ ಅಂಗಡಿಯ ಆ ಟ್ಯೂಬಿನ ವಾಸನೆ ಈಗಲೂ ನೆನಪಾಗುತ್ತದೆ ಅಂತ ನೀನೇ ಹೇಳಿದೆ. ನೆನಪಾಗುವುದು ತಪ್ಪಲ್ಲ. ಒಳಗೆ ಸಿಗುವುದಿಲ್ಲ ಅಂದಮಾತ್ರಕ್ಕೆ ಬಿಟ್ಟುಹೋಗಿದೆ ಅಂತ ತಿಳಿಯುವುದು ತಪ್ಪು. ಹೊರಗೆ ಹೋದ ಮೊದಲ ವಾರಗಳಲ್ಲೇ ಅದು ಮತ್ತೆ ಹಿಡಿಯುವ ಸಂಭವ ಹೆಚ್ಚು. ಹಾಗಾಗಿ ಡಾಕ್ಟರ ಹತ್ತಿರ ಮಾತು ಇಲ್ಲಿದ್ದಾಗಲೇ ಆಗಬೇಕು.

ಒಂದು ಕಟು ಮಾತನ್ನೂ ಹೇಳಬೇಕು. ಈ ನಾಲ್ಕು ಗೋಡೆಯೊಳಗೆ ಎಲ್ಲರೂ ಒಳ್ಳೆಯವರೇ ಇರುತ್ತಾರೆಂದು ನಾನು ನಿನಗೆ ಸುಳ್ಳು ಹೇಳುವುದಿಲ್ಲ. ಶಿಸ್ತಿನ ಹೆಸರಲ್ಲಿ ಮಕ್ಕಳನ್ನು ಹೊಡೆಯುವುದು ಬಾಲನ್ಯಾಯ ಕಾಯಿದೆಯ 82ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಸಿಬ್ಬಂದಿಯಾಗಲಿ, ದೊಡ್ಡ ಹುಡುಗರಾಗಲಿ, ಯಾರಾದರೂ ರಾತ್ರಿ ಮೈ ಮುಟ್ಟಿದರೆ, ಬೆದರಿಸಿದರೆ, ಅದು ನಿನ್ನ ನಾಚಿಕೆಯಲ್ಲ, ಅವರ ಅಪರಾಧ. ಮಕ್ಕಳ ಕಲ್ಯಾಣ ಸಮಿತಿಯವರು ತಿಂಗಳಿಗೆ ಕನಿಷ್ಠ ಎರಡು ಸಲ ವಸತಿ ನೋಡಲು ಬರಬೇಕು. ಬಂದಾಗ ಒಂಟಿಯಾಗಿ ಮಾತಾಡಬೇಕು ಅನ್ನು. ಸಲಹಾ ಪೆಟ್ಟಿಗೆ ಇದೆ. 1098 ಇದೆ. ನಿನಗಿಂತ ಚಿಕ್ಕವನಿಗೆ ಹಾಗಾದದ್ದು ಕಂಡರೆ ಅವನ ಪರವಾಗಿ ನೀನು ಹೇಳು. ಇಲ್ಲಿ ಸುಮ್ಮನಿರುವ 'ಒಳ್ಳೆ ಹುಡುಗ' ಯಾರಿಗೂ ಬೇಕಾಗಿಲ್ಲ.

ಅಪ್ಪನ ವಿಷಯದಲ್ಲಿ ಜಾಣ ಮಾತು ಹೇಳಲು ನನಗೆ ಬರುವುದಿಲ್ಲ. ಕಾನೂನಿಗೆ ಮಕ್ಕಳನ್ನು ಮನೆಗೆ ಸೇರಿಸುವುದೇ ಮೊದಲ ಗುರಿ. ಸಂಸ್ಥೆಯಲ್ಲಿ ಇಡುವುದು ಬೇರೆ ಯಾವ ದಾರಿಯೂ ಇಲ್ಲದಾಗ. ಹಾಗಾಗಿ ಸಮಿತಿ ನಿನ್ನನ್ನು "ಮನೆಗೆ ಹೋಗ್ತೀಯಾ?" ಅಂತ ಕೇಳಿಯೇ ಕೇಳುತ್ತದೆ. ಬಹಳ ಹುಡುಗರು ಇಲ್ಲಿಂದ ಪಾರಾದರೆ ಸಾಕು ಅಂತ ಹೂಂ ಅಂದುಬಿಡುತ್ತಾರೆ. ಹೋಗಿ ತಿಂಗಳೊಳಗೆ ಮತ್ತೆ ಮನೆ ಬಿಡುತ್ತಾರೆ. ನೀನು ನಿಜ ಹೇಳು. ಅಪ್ಪ ಕುಡಿಯುವುದು ಬಿಟ್ಟಿಲ್ಲ ಅಂದರೆ ಬಿಟ್ಟಿಲ್ಲ ಅನ್ನು. ಅತ್ತೆಯ ಮನೆಯಲ್ಲಿರುವ ತಂಗಿಯನ್ನು ನೋಡಬೇಕೆನಿಸಿದರೆ ಅದನ್ನು ಹೇಳು. ಹಬ್ಬಕ್ಕೆ ರಜೆಯ ಮೇಲೆ ಕಳಿಸಿ ನೋಡುವ ದಾರಿಯೂ ಇದೆ. ನಿನ್ನ ಅಭಿಪ್ರಾಯ ಕೇಳಬೇಕು, ವಯಸ್ಸಿಗೆ ತಕ್ಕ ತೂಕ ಅದಕ್ಕೆ ಕೊಡಬೇಕು ಅಂತ ಕಾಯಿದೆಯ ಮೂರನೇ ಕಲಮಿನ ತತ್ವಗಳಲ್ಲೇ ಇದೆ. ಅಪ್ಪ ನೀನಂದುಕೊಂಡ ಹಾಗೆ ಬದಲಾಗಲಿಕ್ಕಿಲ್ಲ. ಅವನು ಬದಲಾದ ಮೇಲೆ ನಾನು ಸರಿಹೋಗುತ್ತೇನೆ ಅಂತ ಕಾಯುತ್ತ ಕೂತರೆ ನಿನ್ನ ಬದುಕಿನ ಕೀಲಿಕೈ ಅವನ ಅಂಗಿಯ ಕಿಸೆಯಲ್ಲೇ ಉಳಿಯುತ್ತದೆ. ಹಾಗಂತ ಅವನು ಬಂದ ದಿನ ಮುಖ ತಿರುಗಿಸಬೇಕಾಗಿಯೂ ಇಲ್ಲ. ಚಹಾ ಕುಡಿ, ಮಾತಾಡು, ತಂಗಿ ಹೇಗಿದ್ದಾಳೆ ಕೇಳು.

ಬೈಕ್ ಕಳವಿನ ಕೇಸಿನ ವಿಷಯಕ್ಕೆ ಬರೋಣ. ಅದು ಸಮಿತಿಯ ಮುಂದಲ್ಲ, ಬಾಲನ್ಯಾಯ ಮಂಡಳಿಯ ಮುಂದಿದೆ. ರಾತ್ರಿಯೆಲ್ಲ ನೀನು ಅದನ್ನೇ ಯೋಚಿಸುತ್ತೀ ಅಂತ ಕೇಳಿದೆ. "ಪೊಲೀಸ್ ರೆಕಾರ್ಡ್ ಆತ್ರಿ, ಇನ್ ಯಾರ್ ಕೆಲಸ ಕೊಡ್ತಾರ?" ಗಮನ ಕೊಟ್ಟು ಕೇಳು. ಹದಿನೆಂಟರ ಒಳಗಿನವರು ಮಾಡಿದ ಅಪರಾಧವನ್ನು ಬಾಲನ್ಯಾಯ ಮಂಡಳಿ ವಿಚಾರಿಸಿ ಮುಗಿಸಿದರೆ, ಅದರಿಂದ ಮುಂದೆ ನಿನಗೆ ಯಾವ ಅನರ್ಹತೆಯೂ ಬರಬಾರದು ಅಂತ 24ನೇ ಕಲಮು ಹೇಳುತ್ತದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಬೇಕು. ಪ್ರಕರಣ ಮುಗಿದ ಹುಡುಗನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕೆಂದು ಪೊಲೀಸರು ಹೊರಗೆ ಕೊಡುವಂತಿಲ್ಲ. ಹದಿನಾರು ದಾಟಿದವರು ಮಾಡಿದ ಘೋರ ಅಪರಾಧಗಳ ಲೆಕ್ಕ ಬೇರೆ, ನಿನ್ನದು ಅದಲ್ಲ. ನಿನ್ನ ಮೇಲಿರುವುದು ಸಾಮಾನ್ಯ ಕಳವು, ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧ, ಈ ಕಾಯಿದೆಯ ಭಾಷೆಯಲ್ಲಿ ಸಣ್ಣ ಅಪರಾಧ. ಅದರ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಮಂಡಳಿ ಹೆಚ್ಚೆಂದರೆ ಇನ್ನೆರಡು ತಿಂಗಳು ಮುಂದುವರಿಸಬಹುದು. ಅಷ್ಟರಲ್ಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ನಿನಗೆ ಉಚಿತ ವಕೀಲರ ನೆರವಿಗೆ ಹಕ್ಕಿದೆ. ಅವರ ಹೆಸರು, ಮುಂದಿನ ತಾರೀಖು ಎರಡೂ ನಿನ್ನ ನೋಟ್‌ಬುಕ್ಕಿನಲ್ಲಿ ಇರಲಿ.

ನಮ್ಮಲ್ಲಿ ಹಳೇ ಮಂದಿ ಈಗಲೂ ಬಾಲಮಂದಿರವನ್ನು 'ರಿಮ್ಯಾಂಡ್ ಹೋಮ್' ಅನ್ನುತ್ತಾರೆ. ಬಾಯಿಗೆ ಹತ್ತಿದ ಹೆಸರು, ಬೇಗ ಹೋಗುವುದಿಲ್ಲ. ಹೊರಗೆ ಹೋದ ಮೇಲೆ ಯಾರಾದರೂ ಹಾಗಂದರೆ ಕೈ ಎತ್ತಬೇಡ, ವಿವರಿಸಲೂ ಬೇಡ. ಎಲ್ಲಿದ್ದೆ ಅಂತ ಕೇಳಿದವರಿಗೆಲ್ಲ ನಿನ್ನ ಕಥೆ ಬಿಚ್ಚಿ ಹೇಳುವ ಸಾಲ ನಿನಗಿಲ್ಲ. "ಹಾಸ್ಟೆಲ್‌ನ್ಯಾಗ ಇದ್ದೆ" ಅಂದರೆ ಸಾಕು, ಅದು ಸುಳ್ಳೂ ಅಲ್ಲ.

ಆದರೆ ನಿನ್ನ ಮನಸ್ಸಿನೊಳಗೆ ಬೈಕ್ ಒಡೆಯನ ಲೆಕ್ಕವೂ ಒಂದು ಇರಲಿ. ಆ ಗಾಡಿ ಹಾಲು ಹಾಕುವವನದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕ್ಯಾನ್ ಕಟ್ಟಿಕೊಂಡು ಹೋಗುವವನು, ಕಂತು ಇನ್ನೂ ತೀರಿರಲಿಲ್ಲ. ನೀವು ಮೂರು ಜನ ಒಂದು ರಾತ್ರಿ ಮಜಾ ಮಾಡಿ ಕೆರೆಯ ಹತ್ತಿರ ಬಿಟ್ಟು ಬಂದಿರಿ. ಅವನು ಎಷ್ಟೋ ದಿನ ಬಾಡಿಗೆ ಸೈಕಲ್ಲಿನ ಮೇಲೆ ಹಾಲು ಹಾಕಿದನಂತೆ. ಇದನ್ನು ಹೇಳುವುದು ನಿನ್ನನ್ನು ಕುಗ್ಗಿಸಲಿಕ್ಕಲ್ಲ. ಕಾಯಿದೆ ನಿನಗೆ ಹೊಸದಾಗಿ ಶುರು ಮಾಡಲು ಬಿಡುತ್ತದೆ, ಬಿಡಲೇಬೇಕು. ಆ ಮನುಷ್ಯನ ಮುಖ ನೆನಪಿಟ್ಟುಕೊಳ್ಳುವುದು ಬಿಡುವುದು ಮಾತ್ರ ನಿನ್ನ ಕೈಯಲ್ಲಿದೆ. ಮುಂದೊಂದು ದಿನ ಹೋಗಿ "ತಪ್ಪಾತ್ರಿ" ಅನ್ನಬೇಕೆನಿಸಿದರೆ ನಾನೂ ಜೊತೆಗೆ ಬರುತ್ತೇನೆ. ಅನಿಸದಿದ್ದರೆ ಒತ್ತಾಯ ಇಲ್ಲ. ಬಲವಂತದ ಕ್ಷಮೆ ಕೇಳಿ ಅವನಿಗೇನು ಲಾಭ?

ಓದು ಮತ್ತು ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಮೇಡಂಗಳಿಗೆ ಒಪ್ಪಿಗೆಯಾಗುವುದಿಲ್ಲ, ಇರಲಿ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟ ನಿನಗೆ ಅವರು "ಚೆನ್ನಾಗಿ ಓದಿ ಆಫೀಸರ್ ಆಗು" ಅನ್ನುತ್ತಾರೆ. ನೀನು ತಲೆ ಆಡಿಸುತ್ತೀ, ಆಮೇಲೆ ಪುಸ್ತಕ ಮುಟ್ಟುವುದಿಲ್ಲ. ಅಷ್ಟು ದೂರದ ಮಾತು ಬೇಡ. ನಿನ್ನ ಕೈಗೆ ಯಂತ್ರ ಮಾತಾಡುತ್ತದೆ ಅನ್ನುವುದು ನಾನು ನೋಡಿದ್ದೇನೆ. ಕೆಟ್ಟ ನೀರಿನ ಮೋಟರು ನೀನು ಬಿಚ್ಚಿ ಕೂರಿಸಿದ ದಿನ ಇಡೀ ಬಾಲಮಂದಿರ ನಿನ್ನ ಸುತ್ತ ನಿಂತಿತ್ತು. ಐಟಿಐಯಲ್ಲಿ ವೆಲ್ಡರ್ ಕೋರ್ಸಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು, ಒಂದು ವರ್ಷದ್ದು. ಎಲೆಕ್ಟ್ರಿಷಿಯನ್, ಫಿಟ್ಟರ್ ಬೇಕೆಂದರೆ ಎಸ್ಸೆಸ್ಸೆಲ್ಸಿ ಆಗಬೇಕು, ಅವು ಎರಡೆರಡು ವರ್ಷ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಂತಲೂ ಇಲ್ಲ, ಉಳಿದ ವಿಷಯ ಅದೇ ವರ್ಷ ಮತ್ತೆ ಬರೆಯಬಹುದು. ನನ್ನ ಸಲಹೆ, ಎಸ್ಸೆಸ್ಸೆಲ್ಸಿ ಮುಗಿಸಿಕೋ. ಮಾರ್ಕ್ಸ್ ಕಾರ್ಡಿನಲ್ಲಿ ಹುಟ್ಟಿದ ತಾರೀಖು ಇರುತ್ತದೆ. ಮುಂದೆ ಎಷ್ಟೋ ಕಚೇರಿಗಳ ಕಿಟಕಿಯಲ್ಲಿ ಅದೊಂದೇ ಕಾಗದ ಕೇಳುತ್ತಾರೆ. ಗಣಿತ ನನಗೆ ಬಿಡು. ಕನ್ನಡ ನಿನಗೆ ಬರುತ್ತದೆ, ಬರವಣಿಗೆ ಕೋಳಿ ಕಾಲಿನಂತಿದ್ದರೂ.

ದೊಡ್ಡವರ ಉದಾಹರಣೆ ಕೊಟ್ಟರೆ ನಿಮಗೆಲ್ಲ ಆಕಳಿಕೆ ಬರುತ್ತದೆ, ಗೊತ್ತು. ಆದರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹಾವೇರಿಯ ಹತ್ತಿರದ ದೇವಗಿರಿಯಲ್ಲಿ ಹುಟ್ಟಿದವರು. ಎಳೆತನದಲ್ಲೇ ಕಣ್ಣು ಹೋಯಿತು, ತಂದೆತಾಯಿ ಹೋದರು. ಪಂಚಾಕ್ಷರಿ ಗವಾಯಿಗಳು, ಅವರಿಗೂ ಕಣ್ಣಿರಲಿಲ್ಲ, ಆ ಹುಡುಗನನ್ನು ಹತ್ತಿರ ಇಟ್ಟುಕೊಂಡು ಹಾಡು, ವಾದ್ಯ ಕಲಿಸಿದರು. ಅವರ ಮಹಿಮೆಯ ಮಾತು ಬಿಡು. ಒಬ್ಬ ಗುರು, ಒಂದು ವಿದ್ಯೆ, ದಿನಾ ತಾಸುಗಟ್ಟಲೆ ರಿಯಾಜು, ನಾನು ನೋಡುವುದು ಇಷ್ಟನ್ನೇ. ನಮ್ಮ ಬಾಲಮಂದಿರಗಳಲ್ಲಿ ಹುಡುಗರಿಗೆ ಹದಿನೈದು ದಿನ ಕಂಪ್ಯೂಟರ್, ಹದಿನೈದು ದಿನ ಮೇಣದಬತ್ತಿ, ಆಮೇಲೆ ಯೋಗ, ಒಬ್ಬರು ಬಂದು ಒಬ್ಬರು ಹೋಗುತ್ತಾರೆ. ಕಲಿಸುವವರ ಮನಸ್ಸು ಒಳ್ಳೆಯದೇ, ಆದರೆ ಯಾವುದೂ ಕೈಗೆ ಹತ್ತುವುದಿಲ್ಲ. ನೀನು ಒಂದನ್ನು ಹಿಡಿ, ಒಬ್ಬ ದೊಡ್ಡವರನ್ನು ಹಿಡಿ. ಆ ಒಬ್ಬರು ನಾನೇ ಆಗಬೇಕೆಂದಿಲ್ಲ. ಹೊಲಿಗೆ ಮಾಸ್ತರರಾಗಲಿ, ಅಡುಗೆ ಅಕ್ಕನಾಗಲಿ, ಹೊರಗಿನ ಗ್ಯಾರೇಜಿನವನಾಗಲಿ, ಐದು ವರ್ಷದ ಮೇಲೂ ಫೋನ್ ಮಾಡಿದರೆ ಎತ್ತಿಕೊಳ್ಳುವವರು ಯಾರೋ ಒಬ್ಬರು ಬೇಕು.

ಕೊನೆಗೆ ಕಾಗದಪತ್ರ. ಇದು ನಿನಗೆ ಬೇಜಾರಿನ ಮಾತು, ನನಗೆ ಜೀವದ ಮಾತು. ಒಂದು ಪ್ಲಾಸ್ಟಿಕ್ ಫೈಲು ತರಿಸಿಕೊಟ್ಟಿದ್ದೇನೆ. ಅದರಲ್ಲಿ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಸಮಿತಿಯ ಆದೇಶದ ಪ್ರತಿ ಇರಬೇಕು. ನಿನ್ನ ಆಧಾರ್‌ನಲ್ಲಿ ಊರಿನ ಹೆಸರು ತಪ್ಪಾಗಿದೆ, ಅದನ್ನು ಈಗಲೇ ತಿದ್ದಿಸಬೇಕು. ಟಿಸಿ ಶಾಲೆಯಲ್ಲೇ ಉಳಿದಿದೆ, ಅದನ್ನು ತರಿಸಲು ಸೂಪರಿಂಟೆಂಡೆಂಟರ ಪತ್ರ ಸಾಕು. ಬರೀ ಕಾಗದ ಇಲ್ಲದೆ ಕೆಲಸ ಕಳೆದುಕೊಂಡ ಹುಡುಗರಿದ್ದಾರೆ.

ಹದಿನೆಂಟಾದ ಮೇಲೆ ಎಲ್ಲವೂ ಒಂದೇ ದಿನ ಕಡಿದುಹೋಗುವುದಿಲ್ಲ. ಅನುಪಾಲನೆ ಅಂತ ಒಂದು ವ್ಯವಸ್ಥೆ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸಂಸ್ಥೆಯಿಂದ ಹೊರಬಿದ್ದವರಿಗೆ 21 ವರ್ಷದವರೆಗೆ, ಅಗತ್ಯವಿದ್ದರೆ 23ರವರೆಗೆ, ತಿಂಗಳಿಗೆ 4,000 ರೂಪಾಯಿ ನೆರವು ಕೊಡಬಹುದು. 'ಕೊಡಬಹುದು' ಅಂದಿದ್ದೇನೆ, ತಾನಾಗಿ ಬಂದು ಬೀಳುತ್ತದೆ ಅಂದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹೋಗಬೇಕು, ಅದೂ ಹೊರಗೆ ಹೋಗುವುದಕ್ಕೆ ತಿಂಗಳುಗಳ ಮೊದಲೇ. ಹೋದ ಗಣಿತದ ಪಾಠದಲ್ಲಿ ನಾಲ್ಕು ಸಾವಿರದ ಲೆಕ್ಕ ಹಾಕಿಸಿದ್ದು ಅದಕ್ಕೇ. ಮೂವರು ಸೇರಿ ಹಿಡಿದ ಕೋಣೆಯಲ್ಲಿ ನಿನ್ನ ಪಾಲು, ಬಸ್ ಪಾಸು, ಅಕ್ಕಿ ಬ್ಯಾಳಿ, ಸಿಲಿಂಡರ್, ಫೋನಿನ ರೀಚಾರ್ಜು, ಸೋಪು. ನೀನು ಮೊದಲು ಬರೆದದ್ದು ಹೊಸ ಫೋನಿನ ಕಂತು. ನಾನು ಬೈಯಲಿಲ್ಲ, ನೆನಪಿದೆಯಾ? ಒಟ್ಟು ಮಾಡು ಅಂದೆ ಅಷ್ಟೇ. ಲೆಕ್ಕ ಮೀರಿದ್ದು ನೀನೇ ನೋಡಿ, ಕಂತನ್ನು ಹೊಡೆದು ಹಾಕಿ, ಆಮೇಲೆ ತಂಗಿಗೆ ಅಂತ ಇನ್ನೂರು ರೂಪಾಯಿ ಬರೆದೆ. ಅವತ್ತು ನಿನ್ನ ಕಡತ ನನ್ನ ಕೈಯಲ್ಲಿದ್ದಿದ್ದರೆ 'ಮುಂಗೋಪಿ' ಅನ್ನುವ ಪದದ ಪಕ್ಕದಲ್ಲಿ ಈ ಇನ್ನೂರು ರೂಪಾಯಿಯನ್ನೂ ಬರೆಯುತ್ತಿದ್ದೆ.

ಮಂಗಳವಾರ ನಿನ್ನ ವಿಷಯ ಸಮಿತಿಯ ಮುಂದೆ ಬರುತ್ತದೆ. ಅಲ್ಲಿ ಕುರ್ಚಿಯಲ್ಲಿ ಕೂತವರನ್ನು ನೋಡಿದ ಕೂಡಲೇ ನಿನ್ನ ಬಾಯಿ ಕಟ್ಟುತ್ತದೆ, ಎಲ್ಲರಿಗೂ ಹಾಗೇ. ಅದಕ್ಕೇ ಈಗಲೇ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೋ: ತಂಗಿಯ ಭೇಟಿ, ಟಿಸಿ, ಎಸ್ಸೆಸ್ಸೆಲ್ಸಿ ಫಾರ್ಮು, ಹೊರಗಿನ ಗ್ಯಾರೇಜಿಗೆ ಕಲಿಯಲು ಹೋಗುವ ಅನುಮತಿ. ಮನೆಗೆ ಹೋಗುವ ವಿಚಾರದಲ್ಲಿ ನಿನ್ನ ಮನಸ್ಸು ಏನಿದೆಯೋ ಅದನ್ನು ಐದನೆಯದಾಗಿ ಬರೆ, ಅದನ್ನು ನನಗೆ ತೋರಿಸಬೇಕಾಗಿಲ್ಲ. ಭಾನುವಾರ ಸಂಜೆ ನಾನು ಬಂದಾಗ ಉಳಿದ ನಾಲ್ಕನ್ನೂ ಒಮ್ಮೆ ಗಟ್ಟಿಯಾಗಿ ಓದಿ ಹೇಳು. ಎಲ್ಲಿ ತಡವರಿಸುತ್ತೀ ನೋಡೋಣ. ಬರುವಾಗ ಕಂಪಾಸ್ ಪೆಟ್ಟಿಗೆಯನ್ನೂ ತಾ, ರೇಖಾಗಣಿತ ಬಾಕಿ ಇದೆ.